ಮಕ್ತಲ್‌ನಲ್ಲಿ ಇಳಿಯುವ ಗಂಟು

ಗಂಟಿನ ಬಟ್ಟೆ ಹಸಿರು ಎಂದು ನನ್ನ ನೆನಪು. ಹಳೆಯ ದಿನಚರಿಯೊಂದರಲ್ಲಿ ನೀಲಿ ಎಂದು ಬರೆದಿದ್ದೇನೆ. ಎರಡು ವರ್ಷದ ನಂತರದ ಇನ್ನೊಂದರಲ್ಲಿ 'ಎಂದಿನ ಕೆಂಪು ಗಂಟು' ಎಂದಿದೆ. ಎರಡೂ ನನ್ನದೇ ಕೈಬರಹ. ಆದ್ದರಿಂದ ಮುಂದೆ ಹೇಳುವುದರಲ್ಲಿ ಬಣ್ಣ, ವಾರ, ಯಾರು ಮೊದಲು ನಕ್ಕರು ಎಂಬಂಥ ಸಂಗತಿಗಳು ತಪ್ಪಿರಬಹುದು. ಅಷ್ಟರಮಟ್ಟಿಗೆ ನೀವು ನನ್ನನ್ನು ನಂಬದಿದ್ದರೆ ಬೇಸರವಿಲ್ಲ. ನಾನೂ ನಂಬುವುದಿಲ್ಲ.

ಇದೆಲ್ಲ ನೆನಪಾದದ್ದು ಒಂದು ಕೀಬೋರ್ಡಿನಿಂದ. ನಿನ್ನೆ ಮಧ್ಯಾಹ್ನ ಕೊರಿಯರ್‌ನವರು ಅದನ್ನು ತಂದರು. ಪೆಟ್ಟಿಗೆಗೆ ಯಾರೋ ಶ್ರದ್ಧಾವಂತರು ಪ್ಲಾಸ್ಟಿಕ್ ದಾರ ಸುತ್ತಿ ಆರೇಳು ಕಡೆ ಬಿಗಿದಿದ್ದರು. ನಾನು ಹೊಸ್ತಿಲ ಮೇಲೆ ಕೂತು ಉಗುರಿನಿಂದ ಒಂದೊಂದೇ ಗಂಟನ್ನು ಬಿಡಿಸತೊಡಗಿದೆ.

"ಮನ್ಯಾಗ ಕತ್ರಿ ಇಲ್ಲೇನ್ರೀ ಮೇಡಂ?" ಎಂದರು ಅವರು.

ಮನೆಯಲ್ಲಿ ಮೂರು ಕತ್ತರಿಗಳಿವೆ. "ಅದಾವ್ರಿ," ಎಂದು ಹೇಳಿ ಬಿಡಿಸುವುದನ್ನು ಮುಂದುವರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನು, ಆಮೇಲೆ ನನ್ನ ಮುಖವನ್ನು ನೋಡಿ, "ನಿಧಾನ ಮಾಡ್ರಿ" ಎಂದು ಗಾಡಿ ಹತ್ತಿದರು. ಅವರನ್ನು ಇನ್ನೂ ಎರಡು ನಿಮಿಷ ನಿಲ್ಲಿಸಿಕೊಳ್ಳಲೆಂದೇ ಹಾಗೆ ಮಾಡಿದೆನೇನೋ ಎಂದು ಆಮೇಲೆ ಅನುಮಾನ ಬಂತು. ಆ ದಿನ ನನ್ನೆದುರು ನಿಂತು ಮಾತಾಡಿದವರು ಅವರೊಬ್ಬರೇ.

ಗಂಟು ಕತ್ತರಿಸದ ಈ ಚಟ ನೀಲತ್ತಿಯದು. ನೀಲತ್ತಿ ಎಂದರೆ ನನ್ನ ಅಪ್ಪನ ತಂಗಿ ನೀಲಮ್ಮ. ಗಂಡನ ಮನೆ ಮಾನ್ವಿಯಲ್ಲಿತ್ತು. ಅಲ್ಲಿಂದ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿಗೆ ಒಂದು ಟ್ರಂಕು ಹಿಡಿದು ತಿರುಗಿ ಬಂದವಳು, ಮತ್ತೆ ಹೋಗಲಿಲ್ಲ. ಅಜ್ಜ ಅವಳನ್ನು ನಾರಾಯಣಪೇಟೆಯ ದೊಡ್ಡ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದಿದ್ದ ನಮ್ಮದೇ ಎರಡು ಕೋಣೆಯ ಮನೆಯಲ್ಲಿ ಇರಿಸಿದ. ಯಾಕೆ ಎಂದು ನಾವು ಮಕ್ಕಳು ಕೇಳಲಿಲ್ಲ. ಬೇಸಿಗೆಗೆ ಹೋಗಲು ಒಂದು ಮನೆ ಸಿಕ್ಕಿತಲ್ಲ, ನಮಗಷ್ಟೇ ಸಾಕಾಗಿತ್ತು.

ನಮ್ಮದು ಮೂರು ಊರಿನಲ್ಲಿ ಹರಡಿದ ಸೀರೆ ವ್ಯವಹಾರ. ನಾರಾಯಣಪೇಟೆಯಲ್ಲಿ ಅಂಗಡಿ, ನೂಲಿಗೆ ಬಣ್ಣ ಹಾಕುವ ಮನೆ, ಚೌಕಳಿ ಸೀರೆಯ ಮಗ್ಗಗಳು. ಗದ್ವಾಲದಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸುವ ನೇಕಾರರು. ನಾರಾಯಣಪೇಟೆಯಲ್ಲಿ ಬಣ್ಣ ಹಾಕಿದ ನೂಲು ಬಸ್ಸಿನಲ್ಲಿ ಗದ್ವಾಲಕ್ಕೆ ಹೋಗಬೇಕು, ಗದ್ವಾಲದ ಸೀರೆ ಬಸ್ಸಿನಲ್ಲಿ ನಾರಾಯಣಪೇಟೆಗೆ ಬರಬೇಕು. ಮಕ್ತಲ್ ನಡುವೆ ಇರುವ ಊರು. ಮಕ್ತಲ್‌ನಲ್ಲಿ ನಾವು ಏನೂ ನೇಯುವುದಿಲ್ಲ, ಏನೂ ಮಾರುವುದಿಲ್ಲ. ಮಕ್ತಲ್‌ನಲ್ಲಿ ಈಗ ನಾನಿದ್ದೇನೆ. ಯಾಕಿದ್ದೇನೆ ಎನ್ನುವುದು ಕೆಲವು ತಿಂಗಳಿಂದ ನನಗೆ ಗೊತ್ತಾಗದಾಗಿದೆ.

ಕೆಲಸವೇನೋ ಇದೆ. ನಮ್ಮ ಸೀರೆ ವ್ಯವಹಾರದ ಮಾಹಿತಿಯನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವಳು ನಾನು. ಯಾವ ಮಗ್ಗದಲ್ಲಿ ಯಾವ ಉದ್ದೆಳೆಯ ಹಾಸು, ಯಾರು ನೇಯುತ್ತಿದ್ದಾರೆ, ಯಾವ ಗಂಟು ಎಲ್ಲಿದೆ, ಎಲ್ಲ ಪರದೆಯ ಮೇಲೆ ಕಾಣುತ್ತದೆ. ನಾನೇ ಮಾಡಿದ ಏರ್ಪಾಡು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರು ಕೊಡುವಾಗ ನನಗೆ ನಾನು 'ಮಕ್ತಲ್' ಎಂದು ಕೊಟ್ಟುಕೊಂಡೆ. ಈಗ ಎಲ್ಲರೂ ಹಾಗೆಯೇ ಬರೆಯುತ್ತಾರೆ. 'ಮಕ್ತಲ್ ನೋಡ್ರಿ.' 'ಮಕ್ತಲ್ ಯಾಕ ಇನ್ನೂ ಕಳಿಸಿಲ್ಲ?' ಮಂಗಲಾ ಎಂಬ ಹೆಸರನ್ನು ಕಿವಿಯಲ್ಲಿ ಕೇಳಬೇಕಾದರೆ ನೀಲತ್ತಿಗೆ ಫೋನು ಮಾಡಬೇಕು. ಅವಳೂ 'ಮಂಗೀ' ಅನ್ನುತ್ತಾಳೆ.

ಚಿಕ್ಕಂದಿನ ಮಕ್ತಲ್ ಮನೆ ಬೇರೆಯಿತ್ತು. ಬೆಳಗಿನ ಬಸ್ಸು ಉಟ್ಕೂರ್ ದಾಟಿ ಬರುವ ಹೊತ್ತಿಗೆ ನೀಲತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ನಿಂತಿರುತ್ತಿದ್ದಳು. ಕಂಡಕ್ಟರು ಕಿಟಕಿಯಿಂದ ಗಂಟು ಇಳಿಸುತ್ತಿದ್ದರು. ಗಂಟಿಗೆ ಗಂಜಿಯ ವಾಸನೆ, ಬಣ್ಣದ ಮನೆಯ ಹುಳಿ ವಾಸನೆ, ಬಸ್ಸಿನಲ್ಲಿ ಪಕ್ಕ ಕೂತವರ ಬೀಡಿಯ ವಾಸನೆ. ಅದನ್ನು ಒಳಗೆ ತಂದು, ಗಂಟು ಬಿಡಿಸಿ, ನೂಲಿನ ಲಡಿಗಳನ್ನು ಒಂದೊಂದಾಗಿ ಮಾಳಿಗೆಯ ಬಿಸಿಲಲ್ಲಿ ಹರಡುತ್ತಿದ್ದಳು. ಬಣ್ಣದ ಮನೆಯ ಕತ್ತಲೆಯಲ್ಲಿ ಒಂದೇ ಎನ್ನಿಸಿದ ಎರಡು ಕೆಂಪುಗಳು ಮಕ್ತಲ್‌ನ ಬಿಸಿಲಿಗೆ ಬಂದರೆ ಬೇರೆಬೇರೆಯಾಗುತ್ತವೆ ಎಂದು ಅವಳ ಮಾತು. ನನ್ನ ಕೆಲಸ ಕಾಗೆ ಓಡಿಸುವುದು. ರೇಷ್ಮೆಯನ್ನು ಯಾವ ಕಾಗೆ ತಿನ್ನುತ್ತದೆ ಎಂದು ಕೇಳಿದ್ದಕ್ಕೆ, "ನೀ ಓಡಸ್ತೀ, ಅದಕ್ಕ ತಿನ್ನಂಗಿಲ್ಲ" ಎಂದಿದ್ದಳು. ಆ ಉತ್ತರ ನನಗೆ ಬಹಳ ವರ್ಷ ಸರಿಯಾಗಿಯೇ ಇತ್ತು.

ಒಳಕೋಣೆಯ ಗೋಡೆಯಲ್ಲಿ ಸಾಲಾಗಿ ಮೊಳೆಗಳು. ಗದ್ವಾಲದ ಒಂದೊಂದು ಮಗ್ಗಕ್ಕೆ ಒಂದು ಮೊಳೆ. ಮೊಳೆಯಿಂದ ಒಂದು ಜೋಡಿ ದಾರ ಇಳಿಬಿದ್ದಿರುತ್ತಿತ್ತು, ಯಾಕೆಂದರೆ ಗದ್ವಾಲದ ಮಗ್ಗಕ್ಕೆ ಇಬ್ಬರು ಬೇಕು. ಮೈಗೊಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಅಕ್ಕಪಕ್ಕ ಕೂತ ಇಬ್ಬರು ಒಂದೇ ಉಸಿರಿನಲ್ಲಿ ಎಸೆದು ಹಿಡಿದು ಹತ್ತಿಯ ಎಳೆಗೆ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಬೇಕು. ನೀಲತ್ತಿಯ ಗೋಡೆಯಲ್ಲಿ ಎಡದ ದಾರ ಎಡಕ್ಕೆ ಕೂರುವವರದು, ಬಲದ್ದು ಬಲಕ್ಕೆ ಕೂರುವವರದು. ಹೊಸ ಹಾಸು ಹೋದರೆ ಅದರ ಬಣ್ಣದ ಎಳೆಯೊಂದನ್ನು ಎರಡಕ್ಕೂ ಸುತ್ತುವಳು. ಮನೆಯಲ್ಲಿ ಸಾವಾಗಿದ್ದರೆ ಬಿಳಿ ನೂಲು. ಬಸುರಿಯಾಗಿದ್ದರೆ ಸಣ್ಣ ಅರಿಶಿನದ ಗಂಟು. ಜಗಳವಾಗಿದ್ದರೆ ಜೋಡಿ ಬಿಚ್ಚಿ ಬೇರೆ ಮೊಳೆಗೆ ಹಾಕುವಳು. ಸುದ್ದಿ ತರುವವರು ರಾಮುಲು ಮಾಮ. ಗದ್ವಾಲದ ನಮ್ಮ ಮಗ್ಗಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ನೇಕಾರ. ವಾರಕ್ಕೊಮ್ಮೆ ಗಂಟು ಒಯ್ಯಲು ಬಂದು, ಎರಡು ಸಲ ಚಹಾ ಕುಡಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಇಡೀ ಓಣಿಯ ವರದಿ ಒಪ್ಪಿಸುತ್ತಿದ್ದರು. ನೀಲತ್ತಿ ಕೇಳುತ್ತಾ ಕೇಳುತ್ತಾ ಗೋಡೆಯ ದಾರಗಳನ್ನು ಬದಲಿಸುವಳು.

ಎಂಬಿಎ ಓದುವಾಗ ಈ ಗೋಡೆಯ ಮೇಲೆ ನಾನೊಂದು ಪ್ರಾಜೆಕ್ಟ್ ಬರೆದೆ. ಸಂಸ್ಥೆಗಳು ತಮ್ಮ ಮಾಹಿತಿಯನ್ನು ಹೇಗೆ ನಿರ್ವಹಿಸುತ್ತವೆ ಎಂಬ ವಿಷಯ. ಗೆಳತಿಯರು ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಹೋದರೆ ನಾನು ಅತ್ತೆಯ ಮನೆಗೆ ಬಂದು, ಅವಳು ಮಾಡಿದ ಜೋಳದ ರೊಟ್ಟಿ ತಿಂದು, ಕೊನೆಗೆ ಹೀಗೆ ಬರೆದೆ: 'ಇಲ್ಲಿ ಮಾಹಿತಿಯೆಲ್ಲ ಒಬ್ಬ ವ್ಯಕ್ತಿಯನ್ನು ಅವಲಂಬಿಸಿದೆ. ಇದು ಸಂಸ್ಥೆಗೆ ಅಪಾಯಕಾರಿ.' ಮೇಷ್ಟ್ರು ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಆ ಹಾಳೆಯನ್ನು ನೀಲತ್ತಿಗೆ ತೋರಿಸಿ ಹೆಮ್ಮೆಪಟ್ಟಿದ್ದೆ ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. "ನನ್ನ ಬಗ್ಗೆ ಬರದೀಯಾ? ಚಲೋ ಬರದೀಯೇನು?" ಎಂದಳು. ಚಲೋ ಬರೆದಿದ್ದೇನೆ ಎಂದೆ.

ಆಮೇಲೆ ಹೈದರಾಬಾದು, ಒಂದು ದಿನಸಿ ಕಂಪನಿಯ ಗೋದಾಮಿನಲ್ಲಿ ಇಂಥದೇ ಕೆಲಸ, ಮದುವೆ. ಮದುವೆ ಮೂರು ವರ್ಷ ನಡೆಯಿತು. ಅದರ ಬಗ್ಗೆ ದಿನಚರಿಯಲ್ಲಿ ಬೇಕಾದಷ್ಟಿದೆ, ಇಲ್ಲಿ ಬೇಡ. ಬಿಟ್ಟು ಬಂದಾಗ ಅಪ್ಪ ಇರಲಿಲ್ಲ. ಅಪ್ಪನ ತಮ್ಮ ಶರಣಪ್ಪ ಕಾಕಾ ನಾರಾಯಣಪೇಟೆಯ ಅಂಗಡಿಯಲ್ಲಿ ನನ್ನನ್ನು ಕೂರಿಸಿ, ಮೈಸೂರುಪಾಕು ತರಿಸಿ, ನನ್ನ ಮುಖ ನೋಡದೆ ಸೀರೆಯ ಥಾನುಗಳನ್ನು ನೋಡುತ್ತಾ ಹೇಳಿದರು:

"ನೋಡವಾ, ದುಕಾನಿಗೆ ಕಂಪ್ಯೂಟರ್ ಹಾಕಬೇಕಂತ ನನಗ ಬಾಳ ದಿನದಿಂದ ಐತಿ. ಹೊರಗಿನವರಿಗೆ ಕೊಟ್ರ ನಮ್ಮ ಮರ್ಮ ಅವರಿಗೆ ತಿಳಿಯಂಗಿಲ್ಲ. ನೀ ಮಾಡ್ತೀ ಅಂದ್ರ ಮಾಡು. ಮಕ್ತಲ್‌ದಾಗ ನೀಲಾ ಒಬ್ಬಾಕೀನ ಅದಾಳ. ಅಲ್ಲಿಂದ ಆಕಡೀನೂ ಹತ್ರ, ಈಕಡೀನೂ ಹತ್ರ."

ಆಗ ಅದು ನೌಕರಿಯ ಮಾತಾಗಿ ಕೇಳಿಸಿತು. ಕೆಲಸಕ್ಕೆ ತಕ್ಕವಳು ಎಂದು ಕರೆದರು ಎಂದುಕೊಂಡೆ. ಎಲ್ಲರ ಮುಖ ತಪ್ಪಿಸುತ್ತಿದ್ದ ದಿನಗಳಲ್ಲಿ ಆ ಒಂದು ಮಾತನ್ನು ಹಿಡಿದುಕೊಂಡು ಎದ್ದು ನಿಂತೆ.

ನಿಂತವಳು ಹುರುಪಿನಿಂದ ಕೆಲಸ ಮಾಡಿದೆ. ಮೊದಲ ಎಡವಟ್ಟು ನಾರಾಯಣಪೇಟೆಯದೇ. ನಾರಾಯಣಪೇಟೆಯ ಮಗ್ಗದಲ್ಲಿ ಒಂದು ಹಾಸು ಹೂಡಿದರೆ ಎಂಟು ಸೀರೆ ಇಳಿಯುತ್ತವೆ, ಎಂಟೂ ಒಂದೇ ರೂಪ. ನಾನು ಎಂಟನ್ನೂ ಒಂದೇ ನಂಬರಿನ ಕೆಳಗೆ ಹಾಕಿ, ಒಂದೇ ಊರಿನ ಒಂದೇ ಅಂಗಡಿಗೆ ಕಳಿಸುವ ಅನುಕೂಲ ಮಾಡಿಕೊಟ್ಟೆ. ಅಲ್ಲಿ ಒಂದೇ ಮದುವೆಯಲ್ಲಿ ನಾಲ್ವರು ಹೆಂಗಸರು ಒಂದೇ ಸೀರೆ ಉಟ್ಟು ನಿಂತರು. ಫೋಟೋ ನಮಗೂ ಬಂತು. ನಾಲ್ವರೂ ಪರಸ್ಪರ ಬೆನ್ನು ತಿರುಗಿಸಿ ನಿಂತಿದ್ದಾರೆ. ಕಾಕಾ ಅದನ್ನು ನೋಡಿ, "ಆಗ್ತೈತಿ ಬಿಡು" ಎಂದರು. ಅದೇ ಕಾಕಾ, ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ರಾಮುಲು ಮಾಮನನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ತಾಸು ಬೈಯುವವರು.

ಆಮೇಲೆ ಇಡೀ ವ್ಯವಹಾರ ಹೇಗೆ ನಡೆಯಬೇಕು ಎಂಬ ನಕ್ಷೆಯೊಂದನ್ನು ದೊಡ್ಡ ಹಾಳೆಯ ಮೇಲೆ ಬರೆದು ಮಕ್ತಲ್ ಮನೆಯ ನೆಲಕ್ಕೆ ಹಾಸಿದೆ. ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ನೀಲತ್ತಿ ಸೊಪ್ಪು ಸೋಸುವುದನ್ನು ಬಿಟ್ಟು ಬಂದು ಬಗ್ಗಿ ನೋಡಿದಳು.

"ಇದು ಏನು?"

"ಇದು ನಾರಾಯಣಪ್ಯಾಟಿ ದುಕಾನು."

"ಇದು?"

"ಗದ್ವಾಲ್ ಮಗ್ಗ."

"ಮತ್ತ ನಾ ಎಲ್ಲಿ ಕುಂತೀನಿ ಇದ್ರಾಗ?"

ನಾನು ಎರಡು ಚೌಕಗಳ ನಡುವಿನ ಬಾಣವನ್ನು ತೋರಿಸಿದೆ. "ಇಲ್ಲಿ. ಈ ಗೆರಿ ಮ್ಯಾಲ."

"ಗೆರಿ ಮ್ಯಾಲ ಕುಂತ್ರ ಬೀಳ್ತೀನಲ್ಲೇ ಹುಚ್ಚಿ," ಎಂದು ನಕ್ಕಳು. ನಾನೂ ನಕ್ಕೆ. ಆದರೆ ಗಂಟು ಮಕ್ತಲ್‌ನಲ್ಲಿ ಒಂದೆರಡು ದಿನ ಕೂರುತ್ತದೆ ಎಂಬುದು ನನಗೆ ಆಗಲೇ ಕಣ್ಣಿಗೆ ಬಿದ್ದಿತ್ತು. ಬಣ್ಣವನ್ನು ಫೋಟೋದಲ್ಲಿ ನೋಡಬಹುದು, ಯಾರಿಗೆ ಯಾವ ಹಾಸು ಎಂಬುದನ್ನು ಫೋನೇ ಹೇಳಬಹುದು. ಇಲ್ಲಿ ಇಳಿಸುವುದೇಕೆ? ಕಾಕಾನನ್ನು ಕೇಳಿದೆ. ಅವರು ಮಡಚಿದ ಸೀರೆಯನ್ನೇ ಮತ್ತೆ ಮಡಚುತ್ತಾ, "ನಿನಗ ಸರಿ ಕಂಡಂಗ ಮಾಡು" ಎಂದರು. ನನಗೆ ಸರಿ ಕಂಡಂತೆ ಮಾಡಿದೆ. ಗಂಟು ನಾರಾಯಣಪೇಟೆಯಿಂದ ನೇರ ಗದ್ವಾಲಕ್ಕೆ ಹೋಗತೊಡಗಿತು. ರಾಮುಲು ಮಾಮ ಬರುವುದು ನಿಂತಿತು. ನೀಲತ್ತಿ, "ಬರೋಬ್ಬರಿ ಮಾಡಿದಿ. ನನಗೂ ಮೊಣಕಾಲು ನೋಯ್ತಿದ್ವು" ಎಂದಳು.

ಬೆಳಗಿನ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ನೆನಪಾಗಿ ಕೂತದ್ದನ್ನು ನಾನು ನೋಡಿದ್ದೇನೆ ಎಂದು ಬರೆಯಹೊರಟಿದ್ದೆ. ದಿನಚರಿಯ ಆ ವಾರಗಳನ್ನು ಹುಡುಕಿದೆ. ಎಲ್ಲೂ ಇಲ್ಲ. ಪರದೆಯ ಬಣ್ಣ, ಅಕ್ಷರದ ಗಾತ್ರ, ಹೊಸ ಕಾಲಂಗಳು, ಇಂಥವೇ ತುಂಬಿವೆ. ನೀಲತ್ತಿಯ ಹೆಸರು ಒಂದು ತಿಂಗಳಲ್ಲಿ ಒಮ್ಮೆ ಬಂದಿದೆ: 'ನೀಲತ್ತಿ ಉಪ್ಪಿನಕಾಯಿ ಹಾಕಿದಳು.' ಹಾಗಾದರೆ ಅವಳು ಎದ್ದು ಕೂತದ್ದು ನಾನು ಆಮೇಲೆ ಕಟ್ಟಿಕೊಂಡದ್ದೇ? ಗೊತ್ತಿಲ್ಲ. ಒಂದೇ ಮನೆಯಲ್ಲಿದ್ದೂ ನಾನು ಅವಳತ್ತ ನೋಡಲಿಲ್ಲ ಎಂಬುದಂತೂ ದಿನಚರಿಯಿಂದ ಸಾಬೀತು.

ಏಳನೆಯ ಮಗ್ಗದ ಕಥೆ ಅಲ್ಲಿಂದ ಶುರು. ಜೋಡಿಗಳನ್ನು ಕೂರಿಸುವ ಕೆಲಸ ಈಗ ಕಂಪ್ಯೂಟರಿನದು. ಯಾರ ಕೈ ಖಾಲಿ ಇದೆಯೋ ನೋಡಿ ಇಬ್ಬಿಬ್ಬರ ಹೆಸರು ಹಾಕುತ್ತದೆ. ಏಳನೆಯ ಮಗ್ಗಕ್ಕೆ ಪದ್ಮಾ, ಸರೋಜಾ ಎಂದು ಹಾಕಿತು. ಗದ್ವಾಲದ ಒಂದು ಹಾಸಿನಲ್ಲಿ ಇಳಿಯುವ ಮೂರೂ ಸೀರೆಗಳು ಹೇಳಿದ ದಿನಕ್ಕೆ ಸರಿಯಾಗಿ ಬಂದವು. ಬಿಡಿಸಿ ನೋಡಿದರೆ ಎಡದಂಚು ಬಿಗಿ, ಬಲದಂಚು ಸಡಿಲ. ನೆಲಕ್ಕೆ ಹಾಸಿದರೆ ಸೀರೆ ಒಂದು ಕಡೆಗೆ ಬಾಗಿ, ಹೊಳೆಯ ತಿರುವಿನಂತೆ ಮಲಗುತ್ತಿತ್ತು. ಮೂರೂ ಹಾಗೆಯೇ. ಒಂದನ್ನು ಮಕ್ತಲ್‌ಗೆ ತಂದು ನೀಲತ್ತಿಗೆ ತೋರಿಸಿದೆ. ಅವಳು ಅಂಚಿನ ಮೇಲೆ ಬೆರಳಾಡಿಸಿ, "ಯಾರು ನೇದಿದ್ದು?" ಎಂದಳು. ಹೆಸರು ಓದಿದೆ.

ನೀಲತ್ತಿ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಯವ್ವಾ, ಆ ಇಬ್ರನ್ನ ಕೂಡ್ಸೀಯೇನು? ಅತ್ತಿಗಿ ನಾದಿನಿ ಅವರು! ನಳದ ಸಲುವಾಗಿ ಮಾತು ಬಿಟ್ಟು ಎರಡು ವರ್ಷ ಆತು. ಒಬ್ಬಾಕಿ ನೆಳ್ಳು ಒಬ್ಬಾಕಿ ತುಳಿಯಂಗಿಲ್ಲ. ಅವರು ಹ್ಯಾಂಗ ನೇದಾರ?"

ಹೇಗೆ ನೇಯ್ದರು ಎಂಬುದು ಫೋನಿನಲ್ಲಿ ರಾಮುಲು ಮಾಮನಿಂದ ತಿಳಿಯಿತು. ಮೂರು ಸೀರೆ ಮುಗಿಯುವವರೆಗೆ ಇಬ್ಬರೂ ಪರಸ್ಪರ ಒಂದು ಮಾತಾಡಿಲ್ಲ. ಹೇಳಲೇಬೇಕಾದ್ದನ್ನು ಮಗ್ಗಕ್ಕೆ ಹೇಳಿದ್ದಾರೆ. 'ಓ ಮಗ್ಗಮಾ, ಕೊಂಚೆಂ ಬಿಗಿ ಹಿಡಿ' ಎಂದು ಪದ್ಮಾ ಹೇಳಿದರೆ, 'ಓ ಮಗ್ಗಮಾ, ನನ್ನ ಕೈ ನನಗ ಗೊತ್ತು' ಎಂದು ಸರೋಜಾ ಹೇಳುವುದು. ಓಣಿಯ ಮಕ್ಕಳು ಶಾಲೆ ಬಿಟ್ಟ ಕೂಡಲೇ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ.

"ಮತ್ತ ನನಗ ಯಾಕ ಹೇಳಲಿಲ್ಲ ಮಾಮಾ?" ಎಂದೆ.

"ಏಮಮ್ಮಾ ಹೇಳೋದು? ಫೋನ್‌ದಾಗ ಹೆಸರು ಬಂತು. ಫೋನ್ ಹೇಳಿತು ಅಂದ್ರ ಸಾಹುಕಾರ್ರು ಹೇಳಿದಂಗಲ್ಲಾ? ಆಗಂಗಿಲ್ಲ ಅನ್ನಾಕ ನೋಡಿದೆವು. ನಿನ್ನ ಫೋನ್‌ದಾಗ ಕಾರಣ ಕೇಳ್ತೈತಿ. ಜ್ವರ ಅಂತ ಐತಿ, ಕರೆಂಟಿಲ್ಲ ಅಂತ ಐತಿ, ನೂಲಿಲ್ಲ ಅಂತ ಐತಿ. ಮಾತಿಲ್ಲ ಅಂತ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಕಾರಣಗಳ ಪಟ್ಟಿಯನ್ನು ನಾನು ಗೋದಾಮಿನ ಅನುಭವದಿಂದ ಮಾಡಿದ್ದೆ.

ಈ ಸಲವೂ ಕಾಕಾ, "ಆಗ್ತೈತಿ ಬಿಡು" ಎಂದರು. ಮೂರು ಸೀರೆ ಹಾಳಾದರೂ ಬೈಗುಳವಿಲ್ಲ. ನಾನು ಮನೆಗೆ ಬಂದು ಅತ್ತುಬಿಟ್ಟೆ. ಯಾಕೆ ಎಂದು ಆಗ ತಿಳಿಯಲಿಲ್ಲ. ಬೈದಿದ್ದರೆ ಅಳುತ್ತಿರಲಿಲ್ಲ ಅನ್ನಿಸುತ್ತದೆ.

ನೀಲತ್ತಿ ಮಾರನೆಯ ದಿನ ಬ್ಯಾಗಿಗೆ ಎರಡು ಸೀರೆ ತುಂಬಿದಳು. "ನಾಲ್ಕು ದಿನ ಹೋಗಿ ಆ ಇಬ್ರನ್ನ ಮಾತಾಡಿಸಿ ಬರ್ತೀನಿ. ಮಗ್ಗಕ್ಕ ಪಾಪ, ಎಷ್ಟಂತ ಕೇಳಸ್ಕೊಂಡೀತು." ನಾಲ್ಕು ದಿನ ಒಂದು ವಾರವಾಯಿತು, ವಾರ ತಿಂಗಳಾಯಿತು. ರಾಮುಲು ಮಾಮನ ಮನೆಯ ಪಕ್ಕ ಒಂದು ಕೋಣೆ ಹಿಡಿದಳು. ಈಗ ಜೋಡಿ ಕೂರಿಸುವುದು ಮತ್ತೆ ಅವಳೇ. ಸುದ್ದಿಗಾಗಿ ವಾರ ಕಾಯಬೇಕಿಲ್ಲ, ಬಾಗಿಲಲ್ಲಿ ಕೂತರೆ ಸಾಕು. ಅವಳು ಹೇಳಿದ ಹೆಸರುಗಳನ್ನು ನಾನು ಕಂಪ್ಯೂಟರಿಗೆ ಹಾಕುತ್ತೇನೆ, ಕಂಪ್ಯೂಟರು ಅವನ್ನು ಅವಳ ಓಣಿಗೇ ವಾಪಸು ಕಳಿಸುತ್ತದೆ. ಸಂಸ್ಥೆ ಎಂದಿಗಿಂತ ಚೆನ್ನಾಗಿ ನಡೆಯುತ್ತಿದೆ.

ಆಗ ಕಾಕಾ ಫೋನು ಮಾಡಿದರು. "ನೋಡವಾ, ನೇರ ಕಳಿಸೋದು ಬ್ಯಾಡ. ಗಂಟು ಮೊದಲಿನಂಗ ಮಕ್ತಲ್‌ದಾಗ ಇಳೀಲಿ. ನೀ ಒಂದ್ಸಲ ನೋಡಿ ಮುಂದ ಕಳಿಸು. ನಿನ್ನ ಕಣ್ಣಿಗಿ ಬಿದ್ರ ನನಗ ಸಮಾಧಾನ." ಹಾಗೆ ನಕ್ಷೆಯಲ್ಲಿ ಮಕ್ತಲ್‌ಗೆ ಒಂದು ಚೌಕ ಬಂತು, ಚೌಕದಲ್ಲಿ ನಾನು ಕೂತೆ. 'ಮಕ್ತಲ್: ನೋಡಿದ್ದಾಯಿತು' ಎಂದು ನಾನು ಒತ್ತದೆ ಗಂಟು ಮುಂದಿನ ಬಸ್ಸು ಹತ್ತಬಾರದು ಎಂಬ ನಿಯಮವನ್ನೂ ನಾನೇ ಹಾಕಿದೆ. ಬೆಳಿಗ್ಗೆ ಗಂಟು ಇಳಿಸಿಕೊಳ್ಳುತ್ತೇನೆ, ಬಿಡಿಸುತ್ತೇನೆ, ಮಾಳಿಗೆಯ ಬಿಸಿಲಲ್ಲಿ ಹರಡುತ್ತೇನೆ. ಎಲ್ಲ ಸರಿಯಾಗಿಯೇ ಇರುತ್ತದೆ. ಎರಡು ಕೆಂಪುಗಳು ನನ್ನ ಕಣ್ಣಿಗೆ ಬಿಸಿಲಲ್ಲೂ ಒಂದೇ. ಮತ್ತೆ ಕಟ್ಟುತ್ತೇನೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಗದ್ವಾಲಕ್ಕೆ ಹೋದೆ. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಮೀನು ಹುರಿಯುವ ವಾಸನೆ ಒಳಗೆಲ್ಲ ತುಂಬಿತು. ಚಿಕ್ಕಂದಿನಲ್ಲಿ ಇದೇ ಜಾಗದಲ್ಲಿ ನೀಲತ್ತಿ ಸೆರಗಿನಿಂದ ತನ್ನ ಮೂಗನ್ನೂ ನನ್ನ ಮೂಗನ್ನೂ ಮುಚ್ಚುತ್ತಿದ್ದಳು, ನಾನು ಬಾಯಿಯಿಂದ ಆಸೆಪಟ್ಟು ಉಸಿರೆಳೆದುಕೊಳ್ಳುತ್ತಿದ್ದೆ. ಈಗ ಮುಚ್ಚುವವರಿಲ್ಲ. ಧಾರಾಳವಾಗಿ ಉಸಿರಾಡಿದೆ. ಅಷ್ಟೇನೂ ಚೆನ್ನಾಗಿರಲಿಲ್ಲ.

ಓಣಿಯಲ್ಲಿ ನೀಲತ್ತಿ ಕೂತಿದ್ದ ಕಟ್ಟೆಯ ಸುತ್ತ ಆರೇಳು ಜನ. ಪದ್ಮಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಸರೋಜಾ ಎದುರು ಕೂತು ಬಟಾಣಿ ಸುಲಿಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಪದ್ಮಾ, "ಓ ಮಗ್ಗಮಾ, ನಮ್ಮ ಕಂಪ್ಯೂಟರ್ ಅಮ್ಮ ಬಂದ್ಳು, ಚಾಪಿ ಹಾಸು!" ಎಂದು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅವರಿಗಿಂತ ಒಂದು ಕ್ಷಣ ತಡವಾಗಿ.

ಚಹಾ ಕುಡಿಯುವಾಗ ರಾಮುಲು ಮಾಮ ಸುಮ್ಮನೆ ಮಾತಿಗೆ ಹೇಳಿದರು. "ಮುಂಚೆ ಮಕ್ತಲ್‌ದಾಗ ಗಂಟು ಇಳೀತಾನೇ ಇರಲಿಲ್ಲಮ್ಮಾ. ನಮ್ಮಪ್ಪನ ಕಾಲದಾಗ ನೇರ ಇಲ್ಲಿಗೇ ಬರ್ತಿತ್ತು. ನೀಲಮ್ಮ ಮಾನ್ವಿ ಬಿಟ್ಟು ಬಂದ ಮ್ಯಾಲೆ ನಿಮ್ಮ ತಾತ ಇಳಿಸ್ರಿ ಅಂದ್ರು. ನಮಗೆಲ್ಲ ಏನಿದು ಸುತ್ತುಬಳಸು ಅನ್ನಿಸಿತ್ತು. ಆಮ್ಯಾಲೆ ರೂಢಿ ಆತು."

ನಾನು ಲೋಟ ಕೆಳಗಿಟ್ಟೆ. ನೀಲತ್ತಿಗೆ ಕೇಳಿಸಿತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನನ್ನೊಡನೆ ನಡೆದು ಬಂದಳು. ದಾರಿಯಲ್ಲಿ ಕೇಳಿದೆ, "ಅತ್ತಿ, ನಿನಗ ಗೊತ್ತಿತ್ತೇನು?"

"ಏನು?"

"ಅಜ್ಜ ಗಂಟು ಇಳಿಸಿದ್ದು ನಿನ್ನ ಸಲುವಾಗಿ ಅಂತ."

ಅವಳು ಒಬ್ಬ ಸೈಕಲ್ಲಿನವನಿಗೆ ದಾರಿ ಬಿಟ್ಟು, ಮತ್ತೆ ನಡೆಯತೊಡಗಿದಳು. "ನಾ ಕೇಳಿಲ್ಲವಾ. ಕೇಳಿದ್ರ ನಮ್ಮಪ್ಪ ಏನರ ಒಂದು ಹೇಳ್ತಿದ್ದ. ಅವನಿಗೆ ಸುಳ್ಳು ಹೇಳಾಕ ಬರ್ತಿರಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ನೀ ಇಲ್ಲಿಗೇ ಬಂದುಬಿಡು. ಕ್ವಾಣಿ ದೊಡ್ಡದೈತಿ" ಎಂದಳು.

"ಮಕ್ತಲ್‌ದಾಗ ಕೆಲಸ ಐತಿ ಅತ್ತಿ," ಎಂದೆ.

"ಹೌದಲ್ಲ. ಕೆಲಸ ಐತಿ," ಎಂದಳು. ಅವಳು ತಮಾಷೆ ಮಾಡಿದಳೆಂದು ಆ ದಿನದ ದಿನಚರಿಯಲ್ಲಿದೆ. ಈಗ ನೆನೆದರೆ ಆ ದನಿಯಲ್ಲಿ ತಮಾಷೆ ಕೇಳಿಸುವುದಿಲ್ಲ.

ಅದಾದ ಮೇಲೆ ಜ್ವರ ಬಂತು. ಮೊದಲ ದಿನ ಕಾಕಾನಿಗೆ ಫೋನು ಮಾಡಿ ಎರಡು ದಿನ ಗಂಟು ನೋಡಲಾಗುವುದಿಲ್ಲ ಎಂದೆ. "ಗಂಟು ಕಾಯ್ತಾವ, ನೀ ಆರಾಮ ಆಗು" ಎಂದರು. ಎರಡು ದಿನ ಐದು ದಿನವಾಯಿತು. ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವರು ಗಂಜಿ ಕೊಟ್ಟರು. ಮಲಗಿದಲ್ಲಿಂದ ಬೆಳಗಿನ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಒಂದು ಸಲವೂ ಅದು ನಮ್ಮ ಕಟ್ಟೆಯ ಎದುರು ನಿಧಾನವಾಗಲಿಲ್ಲ. ಗಂಟುಗಳೆಲ್ಲ ನಾರಾಯಣಪೇಟೆಯಲ್ಲಿ ರಾಶಿಬಿದ್ದಿರುತ್ತವೆ, ಗದ್ವಾಲದಲ್ಲಿ ಮಗ್ಗಗಳು ನೂಲಿಲ್ಲದೆ ನಿಂತಿರುತ್ತವೆ, ಎಲ್ಲ ನನ್ನಿಂದ ಎಂದು ಒದ್ದಾಡಿದೆ. ನಿಜ ಹೇಳಬೇಕೆಂದರೆ ಆ ಒದ್ದಾಟದಲ್ಲಿ ಸ್ವಲ್ಪ ಸುಖವೂ ಇತ್ತು.

ಎದ್ದು ಕೂತು ಲ್ಯಾಪ್‌ಟಾಪು ತೆರೆದರೆ ಯಾವುದೂ ನಿಂತಿರಲಿಲ್ಲ. ಐದು ದಿನದಲ್ಲಿ ನಾಲ್ಕು ಗಂಟು ಗದ್ವಾಲ ಸೇರಿ, ಹಾಸು ಹೂಡಿ, ನೇಯ್ಗೆ ಶುರುವಾಗಿತ್ತು. ನಾಲ್ಕರ ಎದುರೂ ಹಸಿರು ಗುರುತು: 'ಮಕ್ತಲ್: ನೋಡಿದ್ದಾಯಿತು.'

ಜ್ವರದ ಮಂಪರಿನಲ್ಲಿ ನಾನೇ ಒತ್ತಿರಬೇಕು ಎಂದುಕೊಂಡೆ. ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತಲ್ಲ. ಆದರೆ ಯಾರು, ಯಾವಾಗ, ಯಾವ ಫೋನಿನಿಂದ ಒತ್ತಿದರು ಎಂಬುದು ಆ ಏರ್ಪಾಡಿನ ಒಂದು ಮೂಲೆಯಲ್ಲಿ ದಾಖಲಾಗುತ್ತದೆ. ಮನುಷ್ಯರ ನೆನಪನ್ನು ನಂಬಬಾರದೆಂದು ಆ ಮೂಲೆಯನ್ನು ನಾನೇ ಮಾಡಿಟ್ಟಿದ್ದೆ. ಅಲ್ಲಿ ಹೋಗಿ ನೋಡಿದೆ. ನಾಲ್ಕು ಸಲವೂ ನನ್ನ ಹೆಸರಿನಲ್ಲಿ ಒತ್ತಿದ್ದು ಕಾಕಾನ ಫೋನಿನಿಂದ; ನನ್ನ ಪಾಸ್‌ವರ್ಡ್ ಅವರ ಹತ್ತಿರವೂ ಇತ್ತು. ಪ್ರತಿ ಸಲವೂ ಬೆಳಿಗ್ಗೆ, ನಾನು ಒತ್ತುವ ಹೊತ್ತಿಗೆ ಸರಿಯಾಗಿ.

ನನ್ನ ನಿಯಮದ ಪ್ರಕಾರ ಒತ್ತದೆ ಗಂಟು ಮುಂದೆ ಹೋಗುವುದಿಲ್ಲ, ಅದಕ್ಕೇ ಒತ್ತಿರಬಹುದು. ವ್ಯಾಪಾರಸ್ಥರು, ಕೆಲಸ ನಿಲ್ಲಬಾರದು ಅಂದುಕೊಂಡಿರಬಹುದು. ಅಥವಾ ನಾನಿಲ್ಲದ ಐದು ದಿನ ಖಾಲಿ ಬಿದ್ದು, ಖಾಲಿ ಬಿದ್ದರೂ ಏನೂ ಆಗಲಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಬಾರದು ಎಂದುಕೊಂಡಿರಬಹುದು. ದಾಖಲೆಯಲ್ಲಿ ಹೊತ್ತು ಇದೆ, ಫೋನು ಇದೆ. ಯಾಕೆ ಎಂಬ ಕಾಲಂ ಇಲ್ಲ.

ಮರುದಿನ ನಾರಾಯಣಪೇಟೆಗೆ ಹೋದೆ. ಹತ್ತು ಗಂಟೆಯಿರಬೇಕು, ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಕಾಕಾ ಹಿಂದಿನ ದಿನ ಬಿಚ್ಚಿದ ಸೀರೆಗಳನ್ನು ಮಡಚುತ್ತಿದ್ದರು. "ಬಾ, ಒಂದು ತುದಿ ಹಿಡಿ" ಎಂದರು. ಹಿಡಿದೆ. ಜ್ವರ ಹೇಗಿದೆ ಎಂದರು, ಹೋಯಿತು ಎಂದೆ. ಸೀರೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಒಂದು ಮಡಿಕೆ, ಇನ್ನೊಂದು ಮಡಿಕೆ, ಅವರು ನನ್ನ ಹತ್ತಿರ ಹತ್ತಿರ ಬರುತ್ತಿದ್ದರು. ಕೊನೆಯ ಮಡಿಕೆಗೆ ನಮ್ಮಿಬ್ಬರ ನಡುವೆ ಒಂದು ಮೊಳ ಉಳಿದಾಗ ಕೇಳಿದೆ. ಅವರ ಕೈ ನಿಂತಿತು. ನನ್ನ ಕೈಯಲ್ಲಿದ್ದ ತುದಿಯನ್ನು ಮೆಲ್ಲಗೆ ತೆಗೆದುಕೊಂಡು, ಸೀರೆಯನ್ನು ಕಪಾಟಿನಲ್ಲಿಟ್ಟು, ಇನ್ನೊಂದನ್ನು ತೆಗೆದು ಅದರ ತುದಿಯನ್ನು ನನ್ನತ್ತ ಚಾಚಿದರು. ನಾನು ಹಿಡಿದೆ. ಗಿರಾಕಿಗಳು ಬರುವವರೆಗೂ ಮಡಚಿದೆವು.

ಮೂರು ವಾರವಾಯಿತು. ಗಂಟು ಬರುತ್ತಿದೆ, ನಾನು ನೋಡಿ ಕಳಿಸುತ್ತಿದ್ದೇನೆ. ಕಾಕಾ ದಿನಾ ಫೋನು ಮಾಡುತ್ತಾರೆ, ನೂಲಿನ ಮಾತು, ಬಸ್ಸಿನ ಮಾತು. ಆ ಮಾತಿಗೆ ಮಾತ್ರ ಬರುವುದಿಲ್ಲ. ನಾನು ಕೇಳಿದ್ದು ಬಹಳವೇನಲ್ಲ, ಮತ್ತು ಇದನ್ನು ಮಾತ್ರ ನಾನು ಒಂದಕ್ಷರವೂ ತಪ್ಪದೆ ನೆನಪಿಟ್ಟಿದ್ದೇನೆ:

"ಕಾಕಾ, ನಾ ನಾಳಿಂದ ಇರಲಿಲ್ಲಂದ್ರ ದುಕಾನಿಗೆ ಏನರ ಕಮ್ಮಿ ಆಗ್ತೈತೇನ್ರಿ?"